ಜಾಂಬಿಯಾಕ್ಕೆ ಹೊರಟವನು ಅಲ್ಲಾಳಸಂದ್ರದಲ್ಲಿ ಮಾಯವಾದದ್ದು

ನಿಯಮಾವಳಿಗಳನ್ನು ಓದಿ ಅರ್ಥಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಯಲಹಂಕ ಹೋಬಳಿಯಲ್ಲೇ ಇಲ್ಲ ಎಂದು ಆಗ ನಾನು ದೃಢವಾಗಿ ನಂಬಿದ್ದೆ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಜಾಂಬಿಯಾ ದೇಶದಿಂದ ‘ತಮ್ಮನ್ನು ಶಿಕ್ಷಕರಾಗಿ ಆಯ್ಕೆ ಮಾಡಲಾಗಿದೆ’ ಎಂಬ ಪತ್ರ ಬಂದಾಗ, ಜೊತೆಗಿದ್ದ ಏಳು ಪುಟಗಳ ಷರತ್ತುಗಳನ್ನು ಮೂರು ಸಲ ಓದಿ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಹೆಂಡತಿ ವತ್ಸಲಾಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದೆ. ನಾವಿಬ್ಬರೂ ಗದಗಿನ ಕಡೆಯವರು. ಮನೆಯೊಳಗೆ ಗದಗಿನ ಭಾಷೆಯೇ ನಡೆಯುತ್ತಿತ್ತು.

“ನೋಡು, ಪಾಸ್‌ಪೋರ್ಟ್ ಅಂದ್ರ ನಮ್ಮ ಮನಿ ಹೊಸ್ತಿಲಾ ದಾಟಲಿಕ್ಕೆ ಅಪ್ಪಣಿ. ವೀಸಾ ಅಂದ್ರ ಅವರ ಗೇಟಿನ ಒಳಗ ಹೋಗಲಿಕ್ಕೆ. ವರ್ಕ್ ಪರ್ಮಿಟ್ ಅಂದ್ರ ಅವರ ಅಡಗಿಮನ್ಯಾಗ ಕೆಲಸಾ ಮಾಡಲಿಕ್ಕೆ. ರೆಸಿಡೆನ್ಸ್ ಪರ್ಮಿಟ್ ಅಂದ್ರ ಅಲ್ಲೇ ಹಾಸಿಗಿ ಹಾಸಲಿಕ್ಕೆ. ನಾಲ್ಕೂ ಬ್ಯಾರೆ ಬ್ಯಾರೆ!”

“ಇಷ್ಟು ಅಪ್ಪಣಿ ನಾ ನಿಮ್ಮ ಅವ್ವನ ಹತ್ರನೂ ಕೇಳಿದ್ದಿಲ್ಲ,” ಎಂದಳು.

ಮೊದಲು ಪಾಸ್‌ಪೋರ್ಟ್ ಆಗಬೇಕು. ಅದರ ನಂಬರನ್ನು ಜನವರಿಯೊಳಗೆ ಕಳಿಸಿದರೆ ಅವರು ವರ್ಕ್ ಪರ್ಮಿಟ್ ಕೊಡುತ್ತಾರೆ. ಅದನ್ನು ತೋರಿಸಿದರೆ ವೀಸಾ. ಜನವರಿ ದಾಟಿದರೆ ಕೆಲಸ ಬೇರೆಯವರ ಪಾಲು. ಹನ್ನೊಂದು ವರ್ಷ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದ ನಮಗೆ ಅಲ್ಲಿ ಶಾಲೆಯವರೇ ಮೂರು ಕೋಣೆಯ ಮನೆ ಕೊಡುವವರಿದ್ದರು. ಮೂರನೆಯ ಕೋಣೆಯಲ್ಲಿ ಏನಿಡುವುದು ಎಂಬ ಚಿಂತೆಯಲ್ಲಿ ವತ್ಸಲಾ ಎರಡು ಸಲ ಸಾರಿಗೆ ಉಪ್ಪು ಹಾಕಲು ಮರೆತಳು.

“ಒಂದು ಮಾತು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ದೃಷ್ಟಿ ಆಗ್ತದ,” ಎಂದು ಆಣೆ ಹಾಕಿಸಿದಳು. ನಾನೂ ಒಪ್ಪಿದೆ. ಅರ್ಜಿ ಹಾಕಿದ ಮೇಲೆ ಪೊಲೀಸರು ನಮ್ಮ ಬೀದಿಗೆ ಬಂದು ವಿಚಾರಣೆ ಮಾಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ವಿಚಾರಿಸಿದರೆ ನೆರೆಹೊರೆಯವರು ಏನು ಹೇಳಬಹುದು ಎಂಬ ಬಗ್ಗೆ ಮಾತ್ರ ಏಳು ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ!

ಅದು ತುರ್ತುಪರಿಸ್ಥಿತಿಯ ಕಾಲ. ಜನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗಲೂ ಒಂದು ಸಲ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದರು.

ಡಿಸೆಂಬರಿನ ಒಂದು ಸಂಜೆ. ವತ್ಸಲಾ ಯಶವಂತಪುರದ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಸೈಕಲ್ಲು ಪಂಕ್ಚರ್ ಆಗಿ ಮನೆಯಲ್ಲೇ ಇದ್ದದ್ದರಿಂದ ಶಾಲೆಯಿಂದ ನಡೆದೇ ಬಂದೆ. ಐದೂವರೆಗೇ ಬೆಳಕು ಮಂಕಾಗಿತ್ತು. ಕೆರೆಯ ಮೇಲೆ ಮಂಜು ಇಳಿದಿತ್ತು. ನಾನು ಬೀದಿಯ ತಿರುವಿಗೆ ಬಂದದ್ದೇ ತಡ, ಟೈಲರ್ ಬಾಷಾ ಸಾಬರ ಮಿಷನ್ನಿನ ಸದ್ದು ಟಕ್ಕೆಂದು ನಿಂತಿತು.

ಮುಂದೆ ನಡೆದೆ. ನಾನು ಹತ್ತಿರವಾದಂತೆ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ದಡಾರ್ ಎಂದಲ್ಲ, ಮಲಗಿದ ಮಗು ಏಳಬಾರದೆಂಬಂತೆ ಮೆಲ್ಲಗೆ. ಮನೆ ಮಾಲೀಕ ಮುನಿಶಾಮಪ್ಪನವರು ಜಗಲಿಯ ಮೇಲೆ ಕೂತಿದ್ದರು. “ನಮಸ್ಕಾರ” ಎಂದೆ. ಅವರು ನನ್ನ ಕಡೆ ನೋಡಿದರು. ನನ್ನನ್ನು ನೋಡಲಿಲ್ಲ! ನನ್ನ ಹಿಂದೆ ಇದ್ದ ಕೆರೆಯನ್ನು ನೋಡಿ, ಎದ್ದು ಒಳಗೆ ಹೋದರು.

ಗೇಟಿನ ಮೇಲೆ ‘ಗುರುನಾಥ’ ಎಂಬ ನನ್ನ ಹೆಸರಿನ ಬೋರ್ಡು ಇರಲಿಲ್ಲ. ಮೊಳೆಯ ಎರಡು ತೂತುಗಳಷ್ಟೇ ಇದ್ದವು. ಗೋಡೆಗೆ ಒರಗಿಸಿದ್ದ ಸೈಕಲ್ಲು ಇಲ್ಲ. ಬಾಗಿಲ ಹೊರಗಿನ ಹಳೆಯ ಚಪ್ಪಲಿ ಇಲ್ಲ. ಹಗ್ಗದ ಮೇಲೆ ವತ್ಸಲಾಳ ಸೀರೆ ಒಣಗುತ್ತಿತ್ತು. ಪಕ್ಕದಲ್ಲಿದ್ದ ನನ್ನ ಷರಟು, ಪಂಚೆ ಹೋಗಿ ಬರೀ ಕ್ಲಿಪ್ಪುಗಳು ಗಾಳಿಗೆ ಅಲ್ಲಾಡುತ್ತಿದ್ದವು. ಕಳ್ಳನಾಗಿದ್ದರೆ ಸೀರೆ ಬಿಟ್ಟು ಹೋಗುತ್ತಿದ್ದನೇ? ಹುಡುಕಿ ಹುಡುಕಿ ನನ್ನನ್ನೊಬ್ಬನನ್ನೇ ಅಳಿಸಿ ಹಾಕಿದ್ದರು.

ಬೀಗ ತೆಗೆದು ಒಳಗೆ ಹೋದೆ. ಬಳ್ಳಾರಿ ರಸ್ತೆ ದಾಟುವಾಗ ಒಂದು ಲಾರಿ ನನ್ನ ತೀರಾ ಹತ್ತಿರ ಹಾದುಹೋದದ್ದು ನೆನಪಾಯಿತು. ಹತ್ತಿರವೇ ಹಾದುಹೋಗಿತ್ತೇ? ಅಥವಾ ಇನ್ನೂ ಸ್ವಲ್ಪ ಹತ್ತಿರ? ಓಡಿಹೋಗಿ ಕನ್ನಡಿ ನೋಡಿದೆ. ಇದ್ದೆ! ಆದರೂ ಪೂರ್ತಿ ನಂಬಿಕೆ ಬರಲಿಲ್ಲ.

ಆಗ ಹಿಂದಿನ ಕಿಟಕಿಯಲ್ಲಿ ಯಾರೋ ಪಿಸುಗುಟ್ಟಿದರು. “ಮೇಷ್ಟ್ರೇ... ದೀಪ ಅಚ್ಬೇಡಿ. ನೀವಿಲ್ಲ.”

“ಯಾ... ಯಾವಾಗ ಹೋದೆ?” ಎಂದು ಕೇಳಿಯೇಬಿಟ್ಟೆ!

ಮುನಿಶಾಮಪ್ಪ, ಅವರ ಹಿಂದೆ ಬಾಷಾ ಸಾಬ್, ಹಿತ್ತಲ ಬಾಗಿಲಿಂದ ಬಗ್ಗಿಕೊಂಡು ಒಳಗೆ ಬಂದರು.

“ಬಿಳಿ ಸರಟು ಆಕ್ಕೊಂಡ್ ಒಬ್ಬ ಬಂದಿದ್ದ. ಕಾಲ್ನಾಗೆ ನೋಡಿದ್ರೆ ಪೊಲೀಸ್ ಬೂಟು! ಗುರುನಾಥ ಅಂಬೋನು ಇಲ್ಲಿ ಅವ್ನಾ, ಯಾವ್ ಪಾರ್ಟಿ, ಮನೇಗೆ ಯಾರ್ಯಾರ್ ಬತ್ತಾರೆ ಅಂತ ಕೇಳ್ದ. ನಾನು ಬುಡ್ತೀನಾ? ಅಂಥ ನರಪಿಳ್ಳೆನೂ ಇಲ್ಲಿಲ್ಲ ಅಂದೆ!” ಎಂದರು ಮುನಿಶಾಮಪ್ಪ.

“ನಾನೂ ಅದೇ ಹೇಳ್ದೆ ಮೇಷ್ಟ್ರೇ,” ಎಂದರು ಬಾಷಾ ಸಾಬ್. “ಬರ್ಕೊಂಡು ಸೈನ್ ಹಾಕು ಅಂದ. ಇಬ್ರೂ ಹಾಕಿದ್ವಿ. ಅವನು ಬೀದಿ ಕೊನೇಲಿ ಟೀ ಕುಡೀತಿದ್ದಾಗ್ಲೇ ನಿಮ್ಮ ಬೋರ್ಡು, ಸೈಕಲ್ಲು, ಬಟ್ಟೆ ಎಲ್ಲಾ ಎತ್ತಿಟ್ವಿ. ನಿಮ್ಮನ್ನ ನೋಡಿದ್ರೂ ನೋಡ್ದಂಗಿರಿ ಅಂತ ಬೀದಿಯೋರಿಗೆಲ್ಲ ಹೇಳಿದ್ವಿ. ನಮ್ಮ ಪ್ರಾಣ ಹೋದ್ರೂ ನಿಮ್ಮನ್ನ ಹಿಡ್ಕೊಡಲ್ಲ!”

“ಅಯ್ಯೋ! ಅದು ಪಾಸ್‌ಪೋರ್ಟ್ ವಿಚಾರಣೆ ಕಣ್ರೀ!”

ಮುನಿಶಾಮಪ್ಪನವರ ಮುಖ ಚಿಕ್ಕದಾಯಿತು. “ನಮ್ಗೊಂದ್ ಮಾತು ಏಳ್ಬಾರ್ದಾ ಮೇಷ್ಟ್ರೇ?”

ನಾಚಿಕೆಯಾಯಿತು. ಯಾರ ಕಣ್ಣು ಬೀಳುತ್ತದೆಂದು ನಾವು ಹೆದರಿದ್ದೆವೋ ಅವರೇ ನನಗಾಗಿ ಪೊಲೀಸಿನವನ ಮುಖಕ್ಕೆ ಸುಳ್ಳು ಹೇಳಿದ್ದರು.

ಮರುದಿನ ಮೂವರೂ ಪೊಲೀಸ್ ಠಾಣೆಗೆ ಹೊರಟೆವು. ತಪ್ಪನ್ನು ಒಪ್ಪಿಕೊಳ್ಳಲು ಅವರು ಸಿದ್ಧರಾಗಿಯೇ ಬಂದಿದ್ದರು. “ನೀವು ಹೊರಗಿರಿ. ಇಂಥದನ್ನೆಲ್ಲ ನಿಯಮದ ಪ್ರಕಾರ ಮಾತಾಡ್ಬೇಕು,” ಎಂದು ಹೇಳಿ ನಾನೊಬ್ಬನೇ ಒಳಗೆ ಹೋದೆ.

“ಗುರುನಾಥ ಎಂಬುವರ ಪಾಸ್‌ಪೋರ್ಟ್ ವಿಚಾರಣೆಯ ಬಗ್ಗೆ...” ಎಂದು ಘನವಾಗಿ ಶುರುಮಾಡಿದೆ.

ಠಾಣೆಯ ರೈಟರ್ ಕಾಗದ ತೆಗೆದ. “ಅವನಾ? ಅಂಥವನು ಇಲ್ವೇ ಇಲ್ಲ. ಇಬ್ರು ಸಾಕ್ಷಿ ಸೈನ್ ಹಾಕಿದ್ದಾರೆ. ಅಕಸ್ಮಾತ್ ಅವನು ಇದ್ದಾನೆ ಅಂತ ಗೊತ್ತಾಯ್ತೋ, ಈ ಇಬ್ರೂ ಒಳಗೆ! ಕಾಲ ಎಂಥದು ಗೊತ್ತಲ್ಲ? ಅಂದ್ಹಾಗೆ ನೀವ್ಯಾರು?”

ಕಿಟಕಿಯಾಚೆ ಹೊಂಗೆ ಮರದ ಕೆಳಗೆ ಬಾಷಾ ಸಾಬ್ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ನಿಂತಿದ್ದರು. ಮುನಿಶಾಮಪ್ಪನವರು ಯಾರೂ ಇಲ್ಲದ ಪೊಲೀಸ್ ಜೀಪಿಗೆ ಕೈ ಮುಗಿಯುತ್ತಿದ್ದರು.

“ನಾನು... ನಾನೂ ಅದನ್ನೇ ಹೇಳೋಕೆ ಬಂದೆ ಸಾರ್,” ಎಂದೆ. “ಅಂಥವರು ಅಲ್ಲಿಲ್ಲ.”

ರೈಟರ್ ಅರ್ಜಿಯ ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಫೋಟೋ ನೋಡಿದ.

“ನಿಮ್ಮ ಥರಾನೇ ಇದ್ದಾನಲ್ರೀ?”

“ಕನ್ನಡಕ ಹಾಕಿದೋರೆಲ್ಲ ಹಾಗೇ ಕಾಣ್ತಾರೆ ಸಾರ್.”

“ಸರಿ ಹಾಗಾದ್ರೆ, ಮೂರನೇ ಸಾಕ್ಷಿ ಸಿಕ್ಕಂಗಾಯ್ತು,” ಎಂದು ಕಾಗದವನ್ನು ನನ್ನ ಕಡೆ ತಳ್ಳಿದ.

ಹೊರಗೆ ಬಂದವನನ್ನು ಇಬ್ಬರೂ ಹಿಡಿದುಕೊಂಡು ಕೇಳಿದರು. “ಎಲ್ಲಾ ಸರಿಹೋಯ್ತು,” ಎಂದೆ. ಸಂತೋಷದಿಂದ ಬಾಷಾ ಸಾಬ್ ಅಂದೇ ಬೋರ್ಡನ್ನು ಮತ್ತೆ ಹೊಡೆಯಲು ಹೊರಟರು. ಸ್ವಲ್ಪ ದಿನ ಬೇಡ ಎಂದು ತಡೆಯುವಷ್ಟರಲ್ಲಿ ಸಾಕಾಯಿತು.

ಯಶವಂತಪುರದಿಂದ ವಾಪಸಾದ ವತ್ಸಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ತಟ್ಟೆ ಹಾಕಿದಳು. “ಹೋಗಲಿ ಬಿಡ್ರಿ. ಇದ್ದೀರಲ್ಲ, ಊಟಾ ಮಾಡ್ರಿ.”

ಅವಳಿಗೆ ಎಲ್ಲ ಹೇಳಿದರೂ ಒಂದು ವಿಷಯವನ್ನು ಮಾತ್ರ ಇವತ್ತಿಗೂ ಹೇಳಿಲ್ಲ. ಆ ದಿನ ಗಾಬರಿಯಲ್ಲಿ ಬೇರೆ ಯಾವ ಹೆಸರೂ ಹೊಳೆಯದೆ, ‘ಗುರುನಾಥ ಎಂಬ ವ್ಯಕ್ತಿ ಈ ವಿಳಾಸದಲ್ಲಿ ಇರುವುದಿಲ್ಲ’ ಎಂಬ ವಾಕ್ಯದ ಕೆಳಗೆ, ದುಂಡಾದ ಅಕ್ಷರದಲ್ಲಿ, ‘ಗುರುನಾಥ, ಬಿ.ಎಸ್ಸಿ., ಬಿ.ಎಡ್.’ ಎಂದು ಸಹಿ ಹಾಕಿ ಬಂದಿದ್ದೆ. ರೈಟರ್ ಅದನ್ನು ನಿಧಾನವಾಗಿ ಓದಿ, ತಲೆಯಾಡಿಸಿ, ಸೀಲು ಒತ್ತಿದ!