ಬೈಗುಳದ ಸ್ಪೀಕರು

ನನ್ನ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಅರ್ಧ ಆಯುಷ್ಯ ಓಡಿಸಿದ್ದಾನೆ, ಅದು ಬೇರೆ ಮಾತು! ಗಡಿಯಾಚೆಯ ಜತ್ತಿನ ಪೇಟೆಯಲ್ಲಿ ದನದ ಹಿಂಡಿ-ಹೊಟ್ಟಿನ ಅಂಗಡಿ ಇಟ್ಟುಕೊಂಡಿರುವ ಈ ಮನುಷ್ಯ ಸ್ಟೇರಿಂಗ್ ಹಿಡಿದು ಕೂಡುತ್ತಿದ್ದ, ಅಷ್ಟೇ. ಗಾಡಿ ಓಡಿಸುತ್ತಿದ್ದವಳು ಹಿಂದಿನ ಸೀಟಿನಲ್ಲಿ ಕೂತ ನನ್ನ ಅತ್ತೆ. ಯಾವುದರಿಂದ ಅಂತೀರಿ? ಬಾಯಿಂದ!

"ಗೇರ್ ಹಾಕ್ರಿ! ಎಷ್ಟೊತ್ತು ಅದನ್ನ ಅಳಸ್ತೀರಿ?"

"ಕುರಿ ಬಂದಾವ, ಕುರಿ! ಕಣ್ಣ ಏನ ಅಂಗಡ್ಯಾಗ ಬಿಟ್ಟ ಬಂದೀರೇನು?"

"ಹಾರ್ನ್ ಹೊಡೀಬ್ಯಾಡ್ರಿ, ಮುದುಕ ಬೆಚ್ಚಿ ಬೀಳ್ತಾನ!"

ಅವಳು ಬೈದ ಕಡೆಗೆ ಇವನು ತಿರುಗಿಸುತ್ತಿದ್ದ. ನಡುವೆ ಬೈಗುಳ ನಿಂತರೆ ಗಾಡಿಯೂ ನಿಲ್ಲುತ್ತಿತ್ತು. "ಯಾಕ, ನಿದ್ದಿ ಬಂತೇನು?" ಎಂದು ಹೊರಳಿ ನೋಡುತ್ತಿದ್ದ. ಅದಕ್ಕೂ ಬೈಸಿಕೊಂಡು ಖುಷಿಯಿಂದ ಮುಂದೆ ಹೋಗುತ್ತಿದ್ದ.

ಮುಂದಿನ ಸೀಟಿನಲ್ಲಿ ಕೂತೇ ಬೈಯಬಹುದಿತ್ತಲ್ಲ ಎಂದು ಕೇಳುತ್ತೀರಾ? ಕೇಳಬೇಡಿ! ಅದು ನನ್ನ ಅಜ್ಜನ ಜಾಗ. ಮನೆಗೆ ಕಾರು ಬಂದ ದಿನ ಅಜ್ಜ ಪಟಗ ಸುತ್ತಿಕೊಂಡು ಮುಂದೆ ಕೂತ. ಸೊಸೆ ತಲೆ ಮೇಲೆ ಸೆರಗು ಹೊದ್ದು ಹಿಂದೆ ಕೂತಳು. ಮುಂದೆ ಅಜ್ಜ ತೀರಿಕೊಂಡ, ಸೀಟು ಮಾತ್ರ ಅವನದೇ ಆಗಿ ಉಳಿಯಿತು. ಹಿಂಡಿಯ ಚೀಲ ಅಲ್ಲಿ ಕೂತಿದೆ. ಮಾಡಗ್ಯಾಳದ ಕುರಿಗಾರ ಗೆಳೆಯನ ಟಗರು ದನದ ಡಾಕ್ಟರ ಹತ್ತಿರ ಹೋಗುವಾಗ ಅಲ್ಲೇ ಕೂತಿದೆ. ಆ ಊರಿನ ಟಗರಿಗೆ ಮೂಗು ಬಾಗಿ ಉದ್ದ. ನಮ್ಮಜ್ಜನಿಗೂ ಹಾಗೇ ಇತ್ತು. ಹಿಂದೆ ಕೂತ ಅತ್ತೆ ತನಗೇ ತಿಳಿಯದೆ ಸೆರಗು ಸರಿಮಾಡಿಕೊಂಡಳು! ಟಗರು ಕೂಡಬಹುದು, ಸೊಸೆ ಕೂಡಬಾರದು. ಯಾರೂ ಹೇಳಿದ ನಿಯಮವಲ್ಲ, ಹೀಗಾಗಿ ಮುರಿಯುವವರೂ ಯಾರೂ ಇರಲಿಲ್ಲ.

ಆ ಬಾಯಿಯ ಬುಡಕ್ಕೇ ರೋಗ ಬಂತು. ಅತ್ತೆಯ ಗಂಟಲಲ್ಲಿ ಗಂಟು. ಮಿರಜಿನಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಒಂದು ಪಿಸುಮಾತು, ಜೋಳದ ಒಣ ಎಲೆಯ ರವದಿ ಗಾಳಿಗೆ ಸರಿದಾಡಿದ ಹಾಗೆ. ಗಂಟು ಮತ್ತೆ ಬಂದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಪಿಸುಮಾತೂ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು. ಮಾವ ಎಲ್ಲಾ ಕೇಳಿಸಿಕೊಂಡು, "ಅಲ್ಲೀತನಕ ಬೈಬಹುದಲ್ರಿ?" ಎಂದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮರಳಿ ಬರುವಾಗ ಮಾವ ರಸ್ತೆ ಬದಿಯ ಹಾಲಿನ ಕ್ಯಾನುಗಳಿಗೆ ಗಾಡಿ ಗುದ್ದಿದ. ಹಾಲಿನವನು ಮನಸಾರೆ ಬೈದ. ಮಾವ ಒಳಗೆ ಬಂದು ಕೂತು, "ಯಾಕ ಹೇಳಲಿಲ್ಲ?" ಎಂದು ಹೆಂಡತಿಯನ್ನು ಕೇಳಿದ. ಅವಳು ಹೇಳಿದ್ದಳು. ಪಕ್ಕದಲ್ಲೇ ಕೂತ ನನಗೇ ಕೇಳಿರಲಿಲ್ಲ. ಆ ಡೀಸೆಲ್ ಇಂಜಿನ್ನಿನ ಗದ್ದಲದಲ್ಲಿ ಮುಂದಿನವನಿಗೆ ಎಲ್ಲಿಂದ ಕೇಳಬೇಕು? ಅತ್ತೆ ಕಣ್ಣೊರೆಸಿಕೊಂಡಳು. ಬೈಯಲಾಗದ ಸಂಕಟ ಬೈದು ಬಾಳಿದವರಿಗೇ ಗೊತ್ತು.

ಮಾವ ಮರುದಿನವೇ ಹೇಳಿದ, "ಗಾಡಿಗಿ ಸೌಂಡ್ ಸಿಸ್ಟಮ್ ಹಾಕಸ್ತೀನಿ. ಮೈಕ್ ಆಕಿ ಕೊಳ್ಳಾಗ, ಸ್ಪೀಕರ್ ನನ್ನ ಕಿವ್ಯಾಗ."

ಪೇಟೆಯ ಜನಕ್ಕೆ ಅರ್ಧವೇ ಕೇಳಿಸಿತು. "ಹೇಣ್ತಿ ಗಂಟಲ ಕೊಯ್ಸ್ಯಾಳ, ಇವಗ ಹಾಡ ಬೇಕಾಗ್ಯಾವ!" ಎಂದು ಆಡಿಕೊಂಡರು. ನಾನು ಕನ್ನಡ ಸಾಲಿಯ ಬಾಯಿ, ಅಂದರೆ ಮೇಷ್ಟ್ರಿಣಿ; ತಿಳಿಸಿ ಹೇಳುವುದು ನನ್ನ ಕಸುಬು. ಹೇಳಿದೆ: "ಮಾವಾ, ಅತ್ತೀನ್ನ ಮುಂದಿನ ಸೀಟಿನ್ಯಾಗ ಕುಂದರಸು. ಮುಗೀತು!"

ನಾನು ಲಿಂಗದ ಮೇಲೆ ಕಾಲಿಟ್ಟೆನೇನೋ ಎಂಬಂತೆ ಮಾವ ನೋಡಿದ. "ಅಪ್ಪನ ಸೀಟ್ ಐತೆಲ್ಲ ಯವ್ವಾ ಅದು!" ಅತ್ತೆಯಾದರೂ ಬುದ್ಧಿವಂತೆ ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳೂ ಗಾಬರಿಯಾಗಿ, "ಮಾವಾರ ಜಾಗಾ..." ಎಂದು ಪಿಸುಗುಟ್ಟಿದಳು. ಇಂಥ ಜೋಡಿಯನ್ನು ಯಾವ ದೇವರು ಹುಡುಕಿ ಕೂಡಿಸಿದನೋ!

ಅಲ್ಲಿಂದ ಶುರುವಾಯಿತು ನಮ್ಮ ಸ್ಪೀಕರ್ ಯಾತ್ರೆ. ಜತ್ತಿನ ಅಂಗಡಿಯವನು ಡಿಕ್ಕಿ ತುಂಬುವ ಡಬ್ಬಿಯೊಂದನ್ನು ತಟ್ಟಿ, "ಈ ಬೇಸ್ ಕೇಳ್ರಿ ಯಜಮಾನ್ರ! ಸೀಟ್ ನಡಗತಾವ!" ಎಂದ.

"ಸೀಟ್ ನಡಗೂದು ಬ್ಯಾಡೋ ತಮ್ಮಾ. ನಾ ನಡಗಬೇಕು."

ಸಾಂಗ್ಲಿಯಲ್ಲಿ ಇನ್ನೊಬ್ಬ, "ಕಾಕಾ, ಗಾಣಿ ಕುಠಲಿ ಐಕತಾ?" ಎಂದು ಮರಾಠಿಯಲ್ಲಿ ಕೇಳಿದ. ಯಾವ ಹಾಡು ಕೇಳುತ್ತೀರಿ ಅಂತ. ಮಾವ ಹಾಡು ಬೇಡವೆಂದು ನನ್ನ ಕೈಗೆ ಮೈಕು ಕೊಟ್ಟ. "ಹೂಂ, ಬೈ. ಅತ್ತಿಗತೆ ಬೈ, ಸಣ್ಣ ದನಿಲೆ." ಅಂಗಡಿ ತುಂಬ ಗಿರಾಕಿಗಳು! ನಾನು ನಾಚಿಕೆ ಬಿಟ್ಟು, "ಕಣ್ಣ ಅಂಗಡ್ಯಾಗ ಬಿಟ್ಟ ಬಂದೀರೇನು?" ಎಂದು ಪಿಸುಗುಟ್ಟಿದೆ. ಮಾವ ಕಣ್ಣು ಮುಚ್ಚಿ ಒಂದೊಂದೇ ಸ್ಪೀಕರಿಗೆ ಕಿವಿಯಿಟ್ಟ. ಒಂದು, "ಭಾಳ ಸಂಭಾವಿತ. ಇದರಾಗ ನರ್ಸಬಾಯಿ ಮಾತಾಡಿದಂಗ ಆಗ್ತೈತಿ." ಇನ್ನೊಂದು, "ಇದು ಬೈಯೂದಿಲ್ಲ, ಬರೇ ಗುಣುಗುಣು ಅಂತೈತಿ." ಟ್ವೀಟರ್ ಎಂಬ ಪುಟ್ಟ ತಟ್ಟೆಗೆ, "ಇದು ಆಕಿ ಅಲ್ಲ, ಆಕಿ ತಂಗಿ!" ಎಂದ. ಅಂಗಡಿಯವನು ಹಣೆ ಹಣೆ ಬಡಿದುಕೊಂಡ.

ಕಡೆಗೆ ವಿಜಯಪುರದಲ್ಲಿ ಒಂದು ಬೋಳು ಮುಖದ ಸ್ಪೀಕರು ಅವನ ಮನಸ್ಸಿಗೆ ಬಂತು. ಬೇಸೂ ಇಲ್ಲ, ಚೂಪೂ ಇಲ್ಲ, ಮನುಷ್ಯರ ದನಿ ಬರುವ ನಡುವಿನ ಭಾಗವಷ್ಟೇ. ಜೊತೆಗೊಂದು ಸಣ್ಣ ಆಂಪ್ಲಿಫಾಯರು. ಗಾಡಿಯ ಬಾಗಿಲು ಗಡಗಡ ಅನ್ನಬಾರದೆಂದು ಅತ್ತೆ ಹೊಲಿದಿದ್ದ ಹಳೇ ಕೌದಿಯನ್ನು ಕತ್ತರಿಸಿ ಬಾಗಿಲೊಳಗೆ ತುರುಕಿದ. ಮೊದಲ ಸಲ ಚಾಲೂ ಮಾಡಿದಾಗ ಸ್ಪೀಕರಿನ ಶಬ್ದ ಮೈಕಿಗೆ, ಮೈಕಿನದು ಸ್ಪೀಕರಿಗೆ ಸುತ್ತಿ ಕೀ ಎಂದು ಕಿರುಚಿತು. ಎದುರಿಗೆ ಬರುತ್ತಿದ್ದ ಕುರಿಹಿಂಡು ದಿಕ್ಕಾಪಾಲಾಗಿ, ಕುರುಬ ಕೋಲೆತ್ತಿಕೊಂಡು ಬಂದ. ಅತ್ತೆ ಬಿದ್ದುಬಿದ್ದು ನಕ್ಕಳು. ನಗುವಿಗೂ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಸ್ಪೀಕರನ್ನು ಮಾವನ ಬಲಗಿವಿಯ ಹತ್ತಿರಕ್ಕೆ ಸರಿಸಿ ಕಿರುಚಾಟ ನಿಲ್ಲಿಸುವ ಹೊತ್ತಿಗೆ ಗಂಟು ತಿರುಗಿ ಬಂದಿತ್ತು. ದನಿಪೆಟ್ಟಿಗೆ ತೆಗೆಯುವ ದಿನವೂ ಗೊತ್ತಾಯಿತು.

ಆ ದಿನ ಮಿರಜಿಗೆ ಹೊರಟೆವು. ಅತ್ತೆಯ ಸೆರಗಿಗೆ ಮೈಕು ಸಿಕ್ಕಿಸಿ, ಮಾವ ಮುಂದೆ ಹೋಗಿ ಕೂತ. ಅತ್ತೆಗೆ ಮಾತಿರುವ ಕಡೆಯ ಪ್ರಯಾಣ. ಜತ್ತು ದಾಟಿತು, ಅತ್ತೆ ಬಾಯಿ ಬಿಡಲಿಲ್ಲ. ಕಿಟಕಿಯಾಚೆ ಬೋಳು ಗುಡ್ಡ ನೋಡುತ್ತಾ ಕೂತಳು. ಗಾಡಿ ಎರಡನೇ ಗೇರಿನಲ್ಲೇ ಒದರುತ್ತಿತ್ತು. ಹಿಂದಿನ ಲಾರಿಯವನು ಹಾರ್ನಿನಲ್ಲೇ ನಮ್ಮ ವಂಶವನ್ನು ಉದ್ಧಾರ ಮಾಡಿ ಮುಂದೆ ಹೋದ. ಮಾವ ಕನ್ನಡಿಯಲ್ಲಿ ಹೆಂಡತಿಯನ್ನೇ ನೋಡುತ್ತಿದ್ದ. ಆಗ ನನಗೆ ತಿಳಿಯಿತು. ಈ ಹುಚ್ಚ ಗೇರು ಮರೆತಿಲ್ಲ! ಅವಳು ಬೈಯಲೆಂದು ಬೇಕಂತಲೇ ಗೇರು ಬದಲಿಸದೆ ಹೊರಟಿದ್ದಾನೆ!

ಶೇಗಾಂವ ಹತ್ತಿರ ಅತ್ತೆ ಅವನ ಭುಜ ತಟ್ಟಿ ಗಾಡಿ ನಿಲ್ಲಿಸಿದಳು. ವಾಂತಿ ಬಂತೇನೋ ಎಂದು ನಾನು ನೀರಿನ ಬಾಟಲಿ ಹಿಡಿದೆ. ಅವಳು ಸೆರಗಿನ ಮೈಕು ಬಿಚ್ಚಿ ನನ್ನ ಉಡಿಯಲ್ಲಿ ಹಾಕಿದಳು. ಇಳಿದಳು. ಮುಂದಿನ ಬಾಗಿಲು ತೆರೆದಳು. ಸೀಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತಲೆ ಮೇಲೆ ಸೆರಗು ಎಳೆದು, ಅಜ್ಜನ ಜಾಗದಲ್ಲಿ ಕೂತುಬಿಟ್ಟಳು. ಗಾಡಿ ಹೊರಟು ಮತ್ತೆ ಎರಡನೇ ಗೇರಿನಲ್ಲಿ ಒದರತೊಡಗಿದಾಗ, ಬಗ್ಗಿ ಮಾವನ ಕಿವಿಯಲ್ಲಿ ಏನೋ ಹೇಳಿ, ಗೇರಿನ ಮೇಲಿದ್ದ ಅವನ ಕೈಗೆ ಪಟ್ಟನೆ ಒಂದು ಏಟು ಹಾಕಿದಳು. ಮೂರನೇ ಗೇರು ಬಿತ್ತು.

ಅವಳನ್ನು ಒಳಗೆ ಒಯ್ದ ಮೇಲೆ ದವಾಖಾನೆಯ ಬೆಂಚಿನಲ್ಲಿ ಕೂತು ಕೇಳಿದೆ, "ಏನಂದಳು ಮಾವಾ?"

"'ನನ್ನ ಬೈಗಳ ಡಬ್ಬ್ಯಾಗ ಯಾಕ ಹಾಕ್ತೀರಿ? ಗೇರ್ ಹಾಕ್ರಿ' ಅಂದಳು." ಇಷ್ಟು ಹೇಳಿ ಟವೆಲಿನಿಂದ ಮುಖ ಮುಚ್ಚಿಕೊಂಡ.

ಆಮೇಲೆ ಅವಳು ಮಾತಾಡಲಿಲ್ಲ. ಆದರೆ ಬೈಯುವುದು ನಿಂತಿತೇ? ಮುಂದೆ ಕೂತು ಕೈಯಿಂದ ಬೈದಳು. ಗೇರಿಗೆ ಏಟು, ಕುರಿಗೆ ಚಿವುಟು, ಹಾರ್ನಿಗೆ ತೊಡೆಯ ಮೇಲೊಂದು ಗುದ್ದು. ಮಾವನ ಎಡಗೈ ಸದಾ ಕೆಂಪಗಿರುತ್ತಿತ್ತು. "ಈಗ ಚೊಲೋ ಕೇಳಸ್ತೈತಿ ನೋಡು" ಎಂದು ನನಗೆ ತೋರಿಸುತ್ತಿದ್ದ.

ಜೋಳದ ಸುಗ್ಗಿಗೆ ಮೊದಲೇ ಅತ್ತೆ ಹೋದಳು. ನಾವು ಸತ್ತವರನ್ನು ಕೂರಿಸಿಯೇ ಮೆರವಣಿಗೆ ಮಾಡುವ ಜನ. ವಿಮಾನ ಎನ್ನುವ ಹೂವಿನ ಚಟ್ಟದಲ್ಲಿ ಅವಳನ್ನು ಕೂರಿಸುವಾಗ ಮಾವ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. "ಆಕಿ ಮಾರಿ ದಾರಿ ಕಡೆ ಇರ್ಲಿ. ಹಾದಿ ಹೇಳಾಕಿ ಆಕಿ." ಭಜನೆಯವರು ಹಾಡು ನಿಲ್ಲಿಸಿದರು. ಯಾರಿಗೂ ನಗು ಬರಲಿಲ್ಲ.

ಕರ್ಮ ಮುಗಿದ ಮೇಲೆ ಅತ್ತೆಯ ಸೀರೆಗಳನ್ನು ಅವಳ ತಂಗಿಗೆ ಕೊಡಲು ಬೆಳುಂಕಿಗೆ ಹೊರಟೆವು. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಹಿಂದ ಕುಂದ್ರು ಯವ್ವಾ. ಅದು ಆಕಿ ಸೀಟ್."

ಹಿಂದೆ ಕೂತೆ. ಎರಡನೇ ಗೇರು. ಇಂಜಿನ್ನು ಒದರತೊಡಗಿತು. ಊರು ದಾಟಿತು, ಒದರುತ್ತಲೇ ಇತ್ತು. ತಡೆಯಲಾರದೆ, ಸೀಟಿಗೆ ತೂಗುತ್ತಿದ್ದ ಮೈಕು ತೆಗೆದುಕೊಂಡು ಸಣ್ಣ ದನಿಯಲ್ಲಿ, "ಗೇರ್ ಹಾಕ್ರಿ" ಎಂದೆ. ಅಷ್ಟು ಊರು ತಿರುಗಿ ಆರಿಸಿ ತಂದ ಸ್ಪೀಕರು ಎಷ್ಟು ಸ್ವಚ್ಛ ಮಾತಾಡಿತು ಅಂತೀರಿ!

"ಚೊಲೋ ಐತಿ ಸ್ಪೀಕರ್" ಎಂದ ಮಾವ. ಗೇರು ಹಾಕಲಿಲ್ಲ. ಅವನ ಎಡಗೈ ಗೇರಿನ ಮೇಲೆ ಹಾಗೇ ಇತ್ತು, ಕಾಯುತ್ತಾ.

ನಾನು ಮೈಕು ಕೆಳಗಿಟ್ಟೆ. ಎರಡು ಸೀಟಿನ ನಡುವೆ ಬಗ್ಗಿ ಆ ಕೈ ಮೇಲೆ ಪಟ್ಟನೆ ಒಂದು ಏಟು ಹಾಕಿದೆ.

ಮೂರನೇ ಗೇರು ಬಿತ್ತು.