ಬಿ.ಎಡ್. ಫೈಲಿನಲ್ಲೊಂದು ಸಿನಿಮಾ

ಬರೆಯುವ ಕೆಲಸ ತಲೆಯ ಮೇಲೆ ಕೂತಿರುವಾಗ ನೋಡಿದ ಸಿನಿಮಾದ ರುಚಿ, ಬಿಡುವಿನಲ್ಲಿ ನೋಡಿದ ಸಿನಿಮಾಕ್ಕೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ನಂಜನಗೂಡಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ಪಾಠ ಮಾಡುವ ಅಭ್ಯಾಸಕ್ಕೆಂದು ದಿನಾ ಬಸ್ಸಿನಲ್ಲಿ ತಿ. ನರಸೀಪುರದ ಶಾಲೆಯೊಂದಕ್ಕೆ ಹೋಗಿಬರುತ್ತೇನೆ. ಕೊಡಬೇಕಾದ ಫೈಲುಗಳಲ್ಲಿ 'ವ್ಯಕ್ತಿ ಅಧ್ಯಯನ' ಎಂಬುದೊಂದಿದೆ. ತೊಂದರೆಯಲ್ಲಿರುವ ಒಂದು ಮಗುವನ್ನು ಆರಿಸಿ, ಮನೆಯವರನ್ನು ಮಾತಾಡಿಸಿ, ಮಗು ಹೀಗೇಕಾಯಿತು, ಏನು ಮಾಡಿದರೆ ಸರಿಹೋದೀತು ಎಂದು ಬರೆಯಬೇಕು. ಅದಕ್ಕೆ ನಮ್ಮ ಕಾಲೇಜಿನ ಮೇಡಂ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ನನಗೆ ಮೇಷ್ಟರ ಸಿನಿಮಾಗಳೆಂದರೆ ಪ್ರಾಣ. ಅಲ್ಲಿ ಮೇಷ್ಟರು ಊರಿಗೆ ಕಾಲಿಟ್ಟು ಒಂದು ಹಾಡು ಹೇಳುತ್ತಾರೆ. ಹಾಡು ಮುಗಿಯುವಷ್ಟರಲ್ಲಿ ಪುಂಡರೆಲ್ಲ ಕೈಕಟ್ಟಿ ಕೂತಿರುತ್ತಾರೆ. ಅವರು ಪಾಠಯೋಜನೆ ಬರೆದದ್ದನ್ನು, ಸ್ಕೇಲು ಹಿಡಿದು ಮಾರ್ಜಿನ್ ಎಳೆದದ್ದನ್ನು ಯಾವ ನಿರ್ದೇಶಕನೂ ತೋರಿಸಿಲ್ಲ. ತೋರಿಸಿದ್ದರೆ ನಾನು ಈ ಕೋರ್ಸಿಗೇ ಸೇರುತ್ತಿರಲಿಲ್ಲ. ನನಗೆ ಸಿಕ್ಕ ಏಳನೇ ತರಗತಿಯ ಮಕ್ಕಳೋ ಮಹಾ ಸಾಧುಗಳು. ತೊಂದರೆಯ ಮಗುವನ್ನು ನಾಳೆ ಹುಡುಕೋಣ ಎಂದು ದಿನಕ್ಕೊಂದು ಸಿನಿಮಾ ನೋಡುವುದರಲ್ಲಿ ಕೊನೆಯ ದಿನ ಬಂದೇಬಿಟ್ಟಿತು. ಬಸ್ಸಿನಲ್ಲೇ ಬರೆದೆ: ಬಿಟ್ಟುಹೋದ ತಂದೆ, ಹೊಲಿಗೆ ಮೆಷಿನ್ ತುಳಿಯುವ ತಾಯಿ, ಯಾರೊಂದಿಗೂ ಮಾತಾಡದ ಹೆಣ್ಣುಮಗು. ನನ್ನ ಅಚ್ಚುಮೆಚ್ಚಿನ ಸಿನಿಮಾದ ಕಥೆಯೇ ಅದು. ಬರೆಯುತ್ತ ಬರೆಯುತ್ತ ನನಗೇ ಅಳು ಬಂತು. ಪಕ್ಕದ ಸೀಟಿನ ಅಜ್ಜಿ ಬೆನ್ನು ಸವರಿ, "ಅಳ್ಬೇಡ ಸುಮ್ಕಿರವ್ವಾ, ಎಲ್ಲಾ ಸರಿಯಾಯ್ತದೆ" ಎಂದರು.

ಮೇಡಂ ಪೂರ್ತಿ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬದುಕಿದೆ ಎಂದುಕೊಂಡೆ.

"ಈ ಮಗೂನ ನೋಡಿ ನಾನೂ ಅತ್ತಿದ್ದೆ ಕಣಮ್ಮಾ, ಥಿಯೇಟರಲ್ಲಿ. ಆದ್ರೆ ತಾಯಿ ಇಂಟರ್ವಲ್‌ಗೆ ಮುಂಚೇನೇ ಸಾಯ್ತಾಳಲ್ಲ, ನೀನ್ಯಾಕೆ ಉಳಿಸ್ಕೊಂಡೆ?"

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಪಾಪ ಅನ್ನಿಸ್ತು ಮೇಡಂ" ಎಂದೆ.

"ಸೋಮವಾರ ನಿಜವಾದ್ದು ಬರ್ಕೊಂಡು ಬಾ. ಮಗೂನ ಎಲ್ಲೂ ಹುಡುಕ್ಬೇಡ, ನಿನ್ನ ಮೇಲೇ ಬರಿ. ಇಲ್ಲಾಂದ್ರೆ ಸಹಿ ಹಾಕಲ್ಲ."

ಇವತ್ತು ಭಾನುವಾರ. ಹೆಸರು, ವಯಸ್ಸು, ತೊಂದರೆಯ ಸ್ವರೂಪ ಎಲ್ಲವನ್ನೂ ಸಲೀಸಾಗಿ ತುಂಬಿದೆ. 'ಪೋಷಕರ ಅಭಿಪ್ರಾಯ' ಎಂಬಲ್ಲಿಗೆ ಬಂದಾಗ ಪೆನ್ನು ಹಿಡಿದುಕೊಂಡೇ ಹೋಗಿ ಟಿ.ವಿ. ಮುಂದೆ ಕೂತಿದ್ದ ಅಮ್ಮನನ್ನು ಕೇಳಿದೆ: "ಅಮ್ಮಾ, ನಾನ್ಯಾಕೆ ಎಲ್ಲಾ ಕೆಲಸಾನೂ ಹಿಂಗೆ ಮುಂದಕ್ಕೆ ಹಾಕ್ತೀನಿ?"

ಅಮ್ಮ ತಿರುಗಿಯೂ ನೋಡಲಿಲ್ಲ. "ಒಸಿ ತಡಿ ಕಣೆ, ಕ್ಲೈಮ್ಯಾಕ್ಸ್ ಬಂದದೆ. ಆಮೇಲೆ ಹೇಳ್ತೀನಿ."

ಅಡುಗೆಮನೆಯಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಓಡಿಹೋಗಿ ಸ್ಟವ್ ಆರಿಸಿ ಬಂದೆ. ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ 'ಅನುವಂಶೀಯತೆ' ಎಂಬ ಕಾಲಂನಲ್ಲಿ ಬರೆದೆ. ಇನ್ನು ಉಳಿದದ್ದು 'ಪರಿಹಾರ' ಒಂದೇ. ಅಮ್ಮ ಟಿ.ವಿ.ಯಿಂದ ಕಣ್ಣು ತೆಗೆಯದೆ ಸ್ವಲ್ಪ ಜರುಗಿ ಜಾಗ ಮಾಡಿದಳು, ಕೂತುಬಿಟ್ಟೆ.