ಜರ್ಮನ್ ಡಬ್ಬಿ, ಒಂದೇ ಕುರ್ಚಿ

ಕೈಯಲ್ಲಿ ಮೊಬೈಲ್ ಹಿಡಿದವನನ್ನು ಯಾರೂ ನಿಲ್ಲಿಸಿ ಮಾತಾಡಿಸುವುದಿಲ್ಲ. ಅದೇ ಕೊರಳಿಗೊಂದು ಹಳೇ ಜರ್ಮನ್ ಕ್ಯಾಮೆರಾ ತೂಗಿಬಿಟ್ಟುಕೊಂಡು ಭಾಲ್ಕಿಯ ಬಸ್‌ಸ್ಟ್ಯಾಂಡಿನವರೆಗೆ ಹೋಗಿಬನ್ನಿ, ಮನೆಗೆ ತಿರುಗುವಷ್ಟರಲ್ಲಿ ಒಂದು ಕಥೆ ನಿಮ್ಮ ಹಿಂದೆಯೇ ನಡೆದು ಬಂದಿರುತ್ತದೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು ಇದು. ಹತ್ತಿದ ಕಾಲವಾದರೂ ಎಂಥದು! ಮಳೆ ಮೇಲಿಂದ ಮೇಲೆ ಕೈಕೊಟ್ಟು, ಗಲ್ಲಿಯಲ್ಲಿ ಮನೆಮನೆಗೂ ಬೀಗ ಬಿದ್ದು, ಜನ ಪುಣೆಯ ಬಸ್ಸು, ಹೈದರಾಬಾದಿನ ಬಸ್ಸು ಹತ್ತುತ್ತಿದ್ದ ವರ್ಷಗಳು. "ಊರಾಗಿನ ಮಂದಿ ಗಂಟು ಕಟ್ಲತ್ತಾರ, ನೀವು ಗುಜರಿ ತರ್ಲತ್ತೀರಿ" ಎಂದು ನನ್ನ ಹೆಂಡತಿ ಅಂದದ್ದರಲ್ಲಿ ಸುಳ್ಳೇನಿಲ್ಲ.

ಮೊಣಕಾಲು ಮತ್ತು ಶಟರ್

ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಹಳೇ ಗಡಿಯಾರ, ಹಳೇ ರೇಡಿಯೋ ಮಾರುವ ಚಾಚಾ ಒಬ್ಬರಿದ್ದಾರೆ. ಅವರ ಅಂಗಡಿಯಲ್ಲಿ, ಒಂದು ಮುರುಕು ಹೊಲಿಗೆ ಮಷೀನಿನ ಕೆಳಗೆ, ನನ್ನ ಈ ಕ್ಯಾಮೆರಾ ಡಬ್ಬಿ ಸಿಕ್ಕಿತು. ಮುಂದೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡುವುದಕ್ಕೆ, ಕೆಳಗಿನದು ಫೋಟೋ ಹಿಡಿಯುವುದಕ್ಕೆ. ನೆತ್ತಿಯ ಮುಚ್ಚಳ ತೆರೆದು, ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಬಾವಿ ಇಣುಕಿದ ಹಾಗೆ ತಲೆ ತಗ್ಗಿಸಿ ಒಳಗೆ ನೋಡಬೇಕು. ಲೆನ್ಸಿನಲ್ಲಿ ಒಂದು ಗೀರಿಲ್ಲ. ಬಿಸಿಲಿಗೆ ಹಿಡಿದರೆ ನೇರಳೆ ಹಣ್ಣಿನ ಮಿಂಚು.

ಗುಂಡಿ ಒತ್ತಿದೆ. ಶಟರ್ ತೆರೆಯಿತು. ಮುಚ್ಚಬೇಕೋ ಬೇಡವೋ ಎಂದು ವಿಚಾರ ಮಾಡುತ್ತ ಹಾಗೇ ನಿಂತುಬಿಟ್ಟಿತು.

"ಚಾಚಾ, ಇದು ಮುಚ್ಚವಲ್ದು."

"ಮುಚ್ತದ ಸಾಬ್, ಜರಾ ಸಬರ್ ಮಾಡ್ರಿ. ಒಳಗಿನ ಎಣ್ಣಿ ಗಟ್ಟಿ ಆಗ್ಯಾದ. ಮುಂಜಾನಿ ಎದ್ದ ಕೂಡ್ಲೆ ನಿಮ್ಮ ಮೊಣಕಾಲು ಪಟ್ಟನ ಮಡಚ್ತಾವೇನು?"

ಮಡಚುವುದಿಲ್ಲ ಎಂಬುದನ್ನು ನಾನು ಅಂಗಡಿಯ ಕಟ್ಟೆ ಹತ್ತುವಾಗಲೇ ಅವರು ನೋಡಿದ್ದರು. ಆಮೇಲೆ ತಾವೇ ಬಿಚ್ಚಿ, ಒರೆಸಿ, ಸರಿ ಮಾಡಿ ಕೊಟ್ಟರು. ಕೊಡುವಾಗ ಒಂದು ತಾಕೀತು: "ಇದು ಈಗಿನ ಮಷೀನಲ್ಲ ಸಾಬ್. ಒಂದು ಫೋಟೋ ಆದ ಮ್ಯಾಲ ಈ ಹಿಡಿ ನೀವೇ ತಿರುವಬೇಕು, ಆಗ ಫಿಲ್ಮ್ ಮುಂದ ಹೋಗ್ತದ. ಮರೆತ್ರಿ ಅಂದ್ರ ಮೊದಲಿನ ಮಂದಿ ಮ್ಯಾಲೇ ಹಿಂದಿನ ಮಂದಿ ಬಂದು ಕುಂದರ್ತಾರ."

"ನಾ ಕಾಲೇಜಿನಾಗ ಪಾಠ ಹೇಳಿದಾಂವ ಚಾಚಾ. ಮರೀತೇನಿ ಏನು?"

"ಅದಕ್ಕೇ ಹೇಳ್ದೆ" ಅಂದರು.

ಎದುರು ಮನೆಯ ಅಕ್ಕನ ಫರ್ಮಾಯಿಷ್

ನಮ್ಮ ಎದುರು ಮನೆಯ ಅಕ್ಕ ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ಇಬ್ಬರು ಗಂಡುಮಕ್ಕಳು. ಹಿರಿಯ ಬಾಡಿಗೆಗೆ ಟೆಂಪೋ ಓಡಿಸುತ್ತಿದ್ದ, ಕಿರಿಯ ಬೀದರಿನ ಹತ್ತಿರ ಕೊಳಾರದ ಫ್ಯಾಕ್ಟರಿಗೆ ಹೋಗುತ್ತಿದ್ದ. ಆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದಾಗ ಪೈಪು ಮೊದಲು ಯಾರ ಡ್ರಮ್ಮಿಗೆ ಎಂಬುದರ ಮೇಲೆ ಅಣ್ಣತಮ್ಮಂದಿರಲ್ಲಿ ಮಾತು ಬೆಳೆದು, ಕಡೆಗೆ ಮಾತೇ ನಿಂತುಹೋಗಿತ್ತು. ಹಾಗಂತ ಬೇರೆ ಕೂತು ಉಣ್ಣುತ್ತಿರಲಿಲ್ಲ. ಒಂದೇ ಪಡಸಾಲೆ, ಎದುರುಬದುರು ತಾಟು.

"ಅವ್ವಾ, ಅವನಿಗಿ ಹೇಳು, ಚಟ್ನಿ ಈಕಡಿ ಸರಸ್ಲಿ."

"ಅವ್ವಾ, ಅವನಿಗಿ ಹೇಳು, ದೇವ್ರು ಕೈ ಕೊಟ್ಟಾನ."

ನಡುವೆ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಈ ಕಡೆಯದು ಆ ಕಡೆ ಮುಟ್ಟಿಸುತ್ತ ಕೂತಿರಬೇಕು.

ಬಾಡಿಗೆ ಸಿಗದೆ ಹಿರಿಯ ಟೆಂಪೋ ಮಾರಿ ಪುಣೆಗೆ ಹೊರಡುವುದು ನಿಕ್ಕಿಯಾಯಿತು. ಅಕ್ಕ ನನ್ನ ಡಬ್ಬಿ ನೋಡಿ ಬಂದರು. "ಅಣ್ಣಾರಿ, ಅಂವ ಹೋಗೂದರೊಳಗ ಇಬ್ಬರ್ದೂ ಕೂಡಿ ಒಂದು ಫೋಟೋ ಹಿಡೀರಿ. ದೊಡ್ಡವರಾದ ಮ್ಯಾಲ ಇಬ್ಬರೂ ಕೂಡಿದ್ದು ಒಂದೂ ಇಲ್ಲ. ಮುಂದ ಯಾವಾಗ ಕೂಡ್ತಾರೋ ಏನೋ."

"ಬ್ಯಾರೆ ಬ್ಯಾರೆ ಹಿಡದ್ರ ಸ್ಟುಡಿಯೋದಾಗ ಕಂಪ್ಯೂಟರಿಗಿ ಹಾಕಿ ಜೋಡಿಸ್ತಾರಲ್ಲ ಅಕ್ಕಾ?"

"ಜೋಡ್ಸಿದ್ದು ನನಗ್ಯಾಕ್ರಿ? ನಾ ಇವರ್ನ ಕಂಪ್ಯೂಟರಿನಾಗ ಹಡದೀನೇನು?"

ಔರಾದಿನಲ್ಲಿ ನೀರು

ಅಕ್ಕನ ಫೋಟೋ ಕೆಡಬಾರದೆಂದು ಮೊದಲು ಒಂದು ರೀಲು ಪರೀಕ್ಷೆಗೆ ಹಾಕಿ ಔರಾದಿನ ಬಸ್ ಹತ್ತಿದೆ. ಅಲ್ಲಿ ನನ್ನ ತಂಗಿಯ ಮನೆಯಿದೆ. ಊರ ಹೊರಗೆ, ಒಣಗಿ ನಿಂತ ತೊಗರಿ ಹೊಲದ ನಡುವೆ, ಒಂದು ಬೇವಿನ ಮರ ಚೆಂದ ಕಂಡಿತು. ಆದರೆ ಈ ಡಬ್ಬಿಯೊಳಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಮರವನ್ನು ನಡುವಿಗೆ ತರೋಣವೆಂದು ಈ ಕಡೆ ತಿರುಗಿದರೆ ಅದು ಆ ಕಡೆ ಓಡುತ್ತದೆ. ಹೀಗೆ ಡಬ್ಬಿಯೊಳಗೆ ಮುಖ ಹಾಕಿ, ಹೊಲದ ತುಂಬ ಅಡ್ಡಡ್ಡ ನಡೆದು, ಕಡೆಗೆ ತಲೆಯೆತ್ತಿದರೆ ಸುತ್ತಲೂ ಮಂದಿ. ಒಬ್ಬನ ಕೈಯಲ್ಲಿ ತೆಂಗಿನಕಾಯಿ.

"ಎಷ್ಟು ಫೂಟಿಗಿ ಅದ್ರಿ ಸಾಹೇಬ್ರ?" ಎಂದು ಒಬ್ಬ ಮೆಲ್ಲಗೆ ಕೇಳಿದ.

ನಾನು ಮರದ ದೂರವನ್ನು ಅಂದಾಜು ಮಾಡಿ, "ಹತ್ತು ಫೂಟು" ಅಂದೆ.

"ಹತ್ತು ಫೂಟಿಗೇ!" ಒಬ್ಬಾಕೆ ಕೈಮುಗಿದಳು. ಆಗ ಹೊಳೆಯಿತು ನನಗೆ. ಇವರು ನನ್ನನ್ನು ಬೋರ್‌ವೆಲ್ಲಿಗೆ ನೀರು ನೋಡುವವನೆಂದು ತಿಳಿದಿದ್ದಾರೆ! ಇದು ನೀರಿನ ಮಷೀನಲ್ಲ, ಕ್ಯಾಮೆರಾ, ನೀವೇ ಇಣುಕಿ ನೋಡಿ ಎಂದು ಎಲ್ಲರಿಗೂ ತೋರಿಸಿದೆ.

ಒಬ್ಬ ಮುದುಕ ಇಣುಕಿ ನೋಡಿ, ತಲೆಯಾಡಿಸಿ, ಪಕ್ಕದವನಿಗೆ ಹೇಳಿದ: "ಹ್ವಾದ ಸಲ ಬಂದಾಂವ ಬೋರ್ ಫೇಲಾದ ಮ್ಯಾಲ ಮಾತು ತಿರುವಿದ. ಇವರು ಪಾಪ, ಭಾಳ ಪ್ರಾಮಾಣಿಕ. ಮೊದಲೇ ತಿರುವ್ಲತ್ತಾರ."

ಕಾಯಿ ಮಾತ್ರ ಒಡೆದೇ ಒಡೆದರು. ಒಂದು ಹೋಳು ನನ್ನ ಕೈಗಿಟ್ಟು, "ತಿನ್ರಿ, ಬಿಸಿಲಾಗ ಭಾಳ ತಿರಗ್ಯಾಡೀರಿ" ಅಂದರು. ಅಷ್ಟು ರುಚಿಯ ಕೊಬ್ಬರಿಯನ್ನು ಅಷ್ಟು ಸಂಕೋಚದಿಂದ ನಾನು ಯಾವತ್ತೂ ತಿಂದಿಲ್ಲ.

ಕೌದಿ

ಹಿರಿಯ ಹೊರಡುವ ದಿನ ಬಂತು. ಅಕ್ಕನ ಪಡಸಾಲೆಯಲ್ಲಿ ಕರಿ ಕಂಬಳಿ ಕಟ್ಟಿ, ಒಬ್ಬ ಕೂತು ಒಬ್ಬ ನಿಲ್ಲಲಿ ಎಂದು ಮುಂದೊಂದು ಕುರ್ಚಿ ಹಾಕಿ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಬಿಗಿದೆ. ಕಿರಿಯ ಬಂದು ಕುರ್ಚಿಯಲ್ಲಿ ಕೂತ. ಹಿರಿಯ ಅಂಗಳದಿಂದಲೇ ಕೂಗಿದ: "ಅವ್ವಾ, ಅಂವ ಎದ್ದು ಹೋದ ಮ್ಯಾಲ ಬರ್ತೇನಿ."

ಅಕ್ಕ ಬೈದರು, ಬೇಡಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಏನೂ ನಡೆಯಲಿಲ್ಲ. ಕಿರಿಯನ ಫ್ಯಾಕ್ಟರಿ ಬಸ್ಸಿಗೆ ಹೊತ್ತಾಗುತ್ತಿತ್ತು. ಅವನೊಬ್ಬನದೇ ಹಿಡಿದೆ. ಅಷ್ಟರಲ್ಲಿ ಚಹಾ ಬಂತು. ಚಹಾ ಬಂದರೆ ನನ್ನ ಬಾಯಿ ತೆರೆಯುತ್ತದೆ. ಜರ್ಮನಿಯವರು ಲೆನ್ಸಿನ ಗಾಜು ಹೇಗೆ ಉಜ್ಜುತ್ತಾರೆ ಎಂಬುದನ್ನು ನಾನು ಹೇಳಿ ಮುಗಿಸುವುದರೊಳಗೆ ಕಿರಿಯ ಹೋಗಿದ್ದ, ಹಿರಿಯ ಬಂದಿದ್ದ.

ಬಂದವನು ಕುರ್ಚಿ ನೋಡಿ ನಿಂತ. "ಅಂವ ಕುಂತ ಕುರ್ಚಿ ಮ್ಯಾಲ ನಾ ಕುಂದ್ರಲ್ಲ."

ಅಕ್ಕ ಒಳಗಿಂದ ದಪ್ಪನೆಯ ಕೌದಿ ತಂದು, ಮಡಿಚಿ ಮಡಿಚಿ ಕುರ್ಚಿಯ ಮೇಲೆ ಒಟ್ಟಿದರು. "ತಗೋ. ಈಗ ಅವನ ಕುರ್ಚಿ ಮ್ಯಾಲ ಅಲ್ಲ, ನಿಮ್ಮಜ್ಜಿ ಹೊಲಿದ ಕೌದಿ ಮ್ಯಾಲ ಕುಂದರ್ತಿ. ಕುಂದ್ರು!"

ಅಷ್ಟೆತ್ತರದಲ್ಲಿ ಸಿಂಹಾಸನವೇರಿದವನ ಹಾಗೆ ಕೂತ. ಹಿಡಿದೆ. ಸಂಜೆಯ ಬಸ್ಸಿಗೆ ಹೋದ.

"ಆಯ್ತು ಬಿಡ್ರಿ ಅಕ್ಕಾ, ಇಬ್ಬರೂ ಒಂದೇ ರೀಲಿನಾಗರೆ ಅದಾರ" ಎಂದು ಸಮಾಧಾನ ಹೇಳಿದೆ.

"ರೀಲು ಗ್ವಾಡಿಗಿ ಹ್ಯಾಂಗ ಹಾಕ್ಲಿ ಅಣ್ಣಾರಿ?" ಅಂದರು. ನಾನು ಸ್ಟ್ಯಾಂಡಿನ ಮೂರೂ ಕಾಲು ಮಡಚಿದೆ.

ಫಿಲ್ಮಿನ ಸ್ನಾನ

ಫಿಲ್ಮನ್ನು ನಾನೇ ಬಚ್ಚಲುಮನೆಯಲ್ಲಿ ತೊಳೆಯುತ್ತೇನೆ. ಔಷಧಿಯಲ್ಲಿ ಅದ್ದಿದ ಮೇಲೆ ಒಳ್ಳೆಯ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಬೇಕು. ನನ್ನ ಹೆಂಡತಿ ಬಾಗಿಲಲ್ಲಿ ನಿಂತಳು.

"ಮನುಷ್ಯಾರ ಮೈಗಿ ಅರ್ಧ ಬಕೇಟು. ನಿಮ್ಮ ಫಿಲ್ಮಿಗಿ ತುಂಬಿದ ಬಕೇಟು. ಅದಕ್ಕ ಸಾಬೂನೂ ಹಚ್ಲೇನು?"

"ಇದರಾಗ ಅಕ್ಕನ ಮಕ್ಕಳು ಅದಾರ" ಅಂದೆ.

ಒಳಗೆ ಹೋದವಳು ತಲೆ ತೊಳೆದುಕೊಳ್ಳಲು ಇಟ್ಟುಕೊಂಡಿದ್ದ ತನ್ನ ನೀರನ್ನು ತಂದು ಮುಂದಿಟ್ಟಳು. "ನನ್ನ ತಲಿ ಟ್ಯಾಂಕರ್ ಬಂದಾಗ ನೋಡಮು. ಮಕ್ಕಳ ಮಾರಿ ಸ್ವಚ್ಛ ಬರ್ಲಿ."

ತೊಳೆದು, ಕಿಟಕಿಯ ಬೆಳಕಿಗೆ ಹಿಡಿದೆ. ಕಿರಿಯನ ಫೋಟೋ ಬೇರೆ ಇಲ್ಲ, ಹಿರಿಯನದೂ ಬೇರೆ ಇಲ್ಲ, ಒಂದರ ಮೇಲೊಂದು ಬಿದ್ದಿವೆ. ಜರ್ಮನಿಯ ಗಾಜು ಉಜ್ಜುವ ಭರದಲ್ಲಿ ನಾನು ಹಿಡಿ ತಿರುವಿರಲಿಲ್ಲ! ಚೌಬಾರಾದ ಚಾಚಾ ಕಣ್ಣ ಮುಂದೆ ಬಂದು ನಿಂತು ಸಲಾಂ ಮಾಡಿದಂತಾಯಿತು. ಹೆಂಡತಿ ನನ್ನ ಭುಜದ ಮೇಲಿಂದ ಇಣುಕಿದಳು.

"ಎರಡು ತಲಿ, ನಾಕು ಕೈ. ನನ್ನ ನೀರಿನಾಗ ಇದ್ಯಾವ ದೇವ್ರು ಹುಟ್ಟಿತು?"

ಕಾಲು ಜೋಮು

ಬೀದರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. "ಒಬ್ಬರ್ನ ಅಳಿಸಿ ಕೊಡ್ಲೇನ್ರಿ ಸರ್?" ಎಂದು ಸ್ಟುಡಿಯೋದವನು ಕೇಳಿದ. ಬೇಡವೆಂದು ಹಾಗೇ ತಂದು, ಬೈಸಿಕೊಳ್ಳಲು ತಯಾರಾಗಿ ಅಕ್ಕನ ಕೈಗಿಟ್ಟೆ.

ಹಿಂದೆ ಕಂಬಳಿಯ ಕತ್ತಲು. ಕೌದಿಯ ಮೇಲೆ ಎತ್ತರದಲ್ಲಿ ಹಿರಿಯ. ಅವನ ಎದೆಗೆ ಒರಗಿದಂತೆ, ಸರಿಯಾಗಿ ತೊಡೆಯ ಮೇಲೆ, ಮೀಸೆ ಹೊತ್ತ ಕಿರಿಯ. ಅಣ್ಣನ ಎರಡೂ ಕೈ ತಮ್ಮನ ಆಚೀಚೆ, ಎಲ್ಲಿ ಜಾರಿ ಬಿದ್ದಾನೋ ಎಂದು ಹಿಡಿದ ಹಾಗೆ.

ಅಕ್ಕ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. "ಸಣ್ಣಾಂವ ಇದ್ದಾಗ ಹಿಂಗೇ ಕುಂದರ್ತಿದ್ದ ನೋಡ್ರಿ" ಅಂದರು. "ಇಳಿ ಅಂದ್ರ ಇಳೀತಿದ್ದಿಲ್ಲ."

ಟಿವಿಯ ಮೇಲಿನ ಗೋಡೆಗೆ ಹಾಕಿದರು. "ತಗಿ ಅವ್ವಾ, ಮಂದಿ ನಗ್ತಾರ" ಎಂದ ಕಿರಿಯನಿಗೆ, "ನಗ್ಲಿ. ನೀವು ಬಡದಾಡಿದಾಗ ಅತ್ತಿದ್ರೇನು ಅವರು?" ಎಂದು ಕೇಳಿದರು.

ಪಂಚಮಿಗೆ ಹಿರಿಯ ಪುಣೆಯಿಂದ ಬಂದ. ನಾನು ಅಲ್ಲಿಯೇ ಚಹಾ ಕುಡಿಯುತ್ತಿದ್ದೆ, ಕುಡಿಯಬೇಕೆಂದೇ ಹೋಗಿದ್ದೆ. ಕಿರಿಯ ತಾಟಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಹಿರಿಯ ಕೈಚೀಲ ಇಳಿಸುವುದನ್ನೂ ಮರೆತು ಗೋಡೆಯ ಮುಂದೆ ನಿಂತ. ಕಡೆಗೆ ತಿರುಗದೆ, ನಗದೆ ಅಂದ:

"ಅವ್ವಾ, ಅವನಿಗಿ ಇಳಿ ಅಂತ ಹೇಳು. ಪುಣೆತನಕ ಹೋಗಿ ಬಂದ್ರೂ ಅಲ್ಲೇ ಕುಂತಾನ. ನನ್ನ ಕಾಲು ಜೋಮು ಹಿಡದಾವ."

ಅಕ್ಕ ಮಾತು ಮುಟ್ಟಿಸಲು ಬಾಯಿ ತೆರೆದರು. ಅಷ್ಟರಲ್ಲಿ ತಾಟಿನ ಕಡೆಯಿಂದ ದನಿ ನೇರವಾಗಿ ಬಂತು:

"ಇಳಿಯಲ್ಲ ಹೋಗಣ್ಣಾ. ಕೌದಿ ಮೆತ್ತಗ ಅದ."